ನೆಲ ಒರೆಸಿದರೆ ವ್ಯಾಯಾಮ ಆದಂತೆಯೇ?

ಪ್ರಶ್ನೆ: ನನಗೆ 48 ವರ್ಷ. ಬೆಳಗ್ಗೆ ಎದ್ದರೆ ರಾತ್ರಿವರೆಗೂ ಮನೆಗೆಲಸ. ಆದರೂ ಡಾಕ್ಟರು ‘ವ್ಯಾಯಾಮ ಮಾಡಿ’ ಎನ್ನುತ್ತಾರೆ. ‘ಇಷ್ಟು ಕೆಲಸ ಸಾಲದೇ?’ ಅನ್ನುವುದು ಯಜಮಾನರ ವಾದ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಅರ್ಧರ್ಧ ಸರಿ. ದಣಿವಾಯಿತು ಅಂದಮಾತ್ರಕ್ಕೆ ವ್ಯಾಯಾಮ ಆಯಿತು ಅಂತಲ್ಲ. ನಿಂತೂ ನಿಂತೂ ಸೊಂಟ ನೋಯುತ್ತದೆ, ಹೃದಯಕ್ಕೆ ಮಾತ್ರ ಕೆಲಸ ಬಿದ್ದಿರುವುದಿಲ್ಲ. ನಾನು ಹೇಳುವ ಪರೀಕ್ಷೆ ಸುಲಭ. ಕೆಲಸ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಬಿರುಸಾಗಿ ನೆಲ ಒರೆಸುವುದು, ಭಾರ ಹೊತ್ತು ಮೆಟ್ಟಿಲು ಹತ್ತುವುದು ಇದರಲ್ಲಿ ಪಾಸು. ಇಸ್ತ್ರಿ, ಬಟ್ಟೆ ಮಡಿಸುವುದು, ಪಾತ್ರೆ ತೊಳೆಯುವುದು ಫೇಲು. (ಯಜಮಾನರ ಕೈಗೂ ಒರೆಸುವ ಕೋಲು ಕೊಟ್ಟು ನೋಡಿ, ಅವರಿಗೂ ಅದು ವ್ಯಾಯಾಮವೇ.)

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಂದರೆ ಮೇಲಿನ ಪರೀಕ್ಷೆಯಲ್ಲಿ ಪಾಸಾಗುವಂಥ ಕೆಲಸ, ಬೇಕು. ಮನೆಗೆಲಸವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಬೇಕೆಂಬ ಹಳೆಯ ಷರತ್ತೂ ಈಗಿಲ್ಲ. ಹಾಗಾಗಿ ಐದೈದು ನಿಮಿಷದ ಬಿರುಸಿನ ಕೆಲಸವೂ ಜಮೆ.

ಕೊರತೆ ಬೇರೆ ಕಡೆ ಇದೆ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ. ನಿಮ್ಮ ವಯಸ್ಸಿನಲ್ಲಿ ಮೂಳೆಗೂ ಇದು ಮುಖ್ಯ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಇವೆರಡರಿಂದ ಶುರುಮಾಡಿ. ಮಂಡಿ ನೋವಿದ್ದರೆ ಎತ್ತರದ ಕುರ್ಚಿ ಬಳಸಿ.