ಸುರಬಾಯದಲ್ಲಿದ್ದ ನಿಮ್ಮ ಅಜ್ಜ

‘ಇಂಡೋನೇಷ್ಯದ ಸುರಬಾಯ ಊರಿನ ಕಾಳಗದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಬರೀ “ಬ್ರಿಟಿಷ್ ಸೇನೆ” ಎಂದಿದ್ದೀರಿ. ನನ್ನ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯ ಸಿಪಾಯಿ, ಆ ಊರಿಗೆ ಹೋಗಿ ಬಂದವರು. ಅವರಂಥವರನ್ನು ಏಕೆ ಮರೆಮಾಚಿದಿರಿ? ಸೋಲು ಖಚಿತವಿದ್ದ ಕಾಳಗಕ್ಕೆ ಸಾವಿರಾರು ಜನರನ್ನು ಬಲಿಕೊಟ್ಟು, ಆ ದಿನವನ್ನು ವೀರರ ದಿನವೆಂದು ಆಚರಿಸುವುದು ಯಾವ ಸೀಮೆಯ ನ್ಯಾಯ?’
– ಖಾನಾಪುರದ ಓದುಗರು

ನಿಮ್ಮ ಮೊದಲ ಆಕ್ಷೇಪಕ್ಕೆ ಸಮಜಾಯಿಷಿ ಇಲ್ಲ, ತಪ್ಪು ನಮ್ಮದೇ. 1945ರ ಅಕ್ಟೋಬರ್ 25ರಂದು ಸುರಬಾಯದಲ್ಲಿ ಇಳಿದ 49ನೇ ಬ್ರಿಗೇಡಿನ ಮುಖ್ಯಸ್ಥ ಮ್ಯಾಲಬಿ ಇಂಗ್ಲಿಷಿನವರು. ಸಿಪಾಯಿಗಳು ಮರಾಠಾ, ರಜಪುತಾನಾ ಪಲ್ಟನ್‌ಗಳವರು. ಮರಾಠಾ ಪಡೆಯ ತರಬೇತಿ ಕೇಂದ್ರ ನಿಮ್ಮ ಬೆಳಗಾವಿಯಲ್ಲೇ ಇದೆ. ‘ಬ್ರಿಟಿಷ್’ ಎಂಬುದು ಅನುಕೂಲದ ಪದ. ಬರೆಯುವವರಿಗೂ ಓದುವವರಿಗೂ ಮುಜುಗರ ತಪ್ಪಿಸುತ್ತದೆ.

ಆದರೆ ನಿಮ್ಮ ಅಜ್ಜ ಕಂಡದ್ದು ಬಹುಶಃ ನೀವು ಅಂದುಕೊಂಡಿರುವ ಕಾಳಗವಲ್ಲ. ಅಲ್ಲಿ ನಡೆದದ್ದು ಎರಡು ಕಾಳಗ. ಎರಡರಲ್ಲೂ ತಕ್ಕಡಿ ಸಮವಿರಲಿಲ್ಲ. ಮೊದಲನೆಯದರಲ್ಲಿ ಅದು ವಾಲಿದ್ದು ಸುರಬಾಯದ ಜನರ ಕಡೆಗೆ.

ಯುದ್ಧದಲ್ಲಿ ಸೋತ ಜಪಾನೀಯರ ಶಸ್ತ್ರ ಕಸಿಯುವುದು, ಶಿಬಿರಗಳಲ್ಲಿ ಸೆರೆಯಲ್ಲಿದ್ದವರನ್ನು ಬಿಡಿಸುವುದು ಬ್ರಿಗೇಡಿಗೆ ವಹಿಸಿದ ಕೆಲಸ. ಸ್ಥಳೀಯ ಮುಖಂಡರೊಡನೆ ಮ್ಯಾಲಬಿ ಒಪ್ಪಂದಕ್ಕೂ ಬಂದಿದ್ದರು. ಅದರ ಶಾಯಿ ಆರುವ ಮೊದಲೇ, ಅಕ್ಟೋಬರ್ 27ರಂದು, ಜಕಾರ್ತಾದಿಂದ ಬಂದ ಬ್ರಿಟಿಷ್ ವಿಮಾನವೊಂದು ಊರಿನ ಮೇಲೆ ಕರಪತ್ರ ಸುರಿಯಿತು: 48 ಗಂಟೆಯೊಳಗೆ ಶಸ್ತ್ರ ಒಪ್ಪಿಸಿ, ಇಲ್ಲವಾದರೆ ಗುಂಡು. ಮ್ಯಾಲಬಿಗೇ ಅದು ಹೊಸ ಸುದ್ದಿ. ಜನ ಅದನ್ನು ವಚನಭಂಗವೆಂದೇ ತಿಳಿದರು. ಜಪಾನೀಯರ ಕೋವಿಗಳು ಆಗಲೇ ಅವರ ಕೈ ಸೇರಿದ್ದವು. ಕಟ್ಟಡಕ್ಕೊಂದು ತುಕಡಿಯಂತೆ ಊರೆಲ್ಲ ಹರಡಿಕೊಂಡಿದ್ದ ಸಿಪಾಯಿಗಳನ್ನು ಮಾರನೆಯ ದಿನ ಸಾವಿರಾರು ಜನ ಮುತ್ತಿದರು. ಬ್ರಿಗೇಡು ನಿರ್ನಾಮವಾಗುವ ಹಂತಕ್ಕೆ ಬಂದಾಗ ಇಂಗ್ಲಿಷರೇ ಇಂಡೋನೇಷ್ಯದ ಅಧ್ಯಕ್ಷ ಸುಕಾರ್ನೋ ಅವರನ್ನು ವಿಮಾನದಲ್ಲಿ ಕರೆತಂದು ಕದನವಿರಾಮ ಮಾಡಿಸಿಕೊಂಡರು. 30ರ ಸಂಜೆ ಇಂಟರ್‌ನಾಶಿಯೊ ಕಟ್ಟಡದ ಎದುರು ಮ್ಯಾಲಬಿ ಕಾರಿನಲ್ಲೇ ಸತ್ತರು. ಆ ಕಟ್ಟಡದೊಳಗೆ ಸಿಕ್ಕಿಬಿದ್ದಿದ್ದವರು ಮರಾಠಾ ಸಿಪಾಯಿಗಳು.

ನೀವು ಹೇಳುವ ಕಾಳಗ ಎರಡನೆಯದು, ನವೆಂಬರ್ 10ರದು. ಅದಕ್ಕೆ 5ನೇ ಭಾರತೀಯ ಡಿವಿಷನ್ ಬಂತು. ಜೊತೆಗೆ ಯುದ್ಧನೌಕೆಯ ಫಿರಂಗಿ, ಬಾಂಬರ್ ವಿಮಾನ, ಟ್ಯಾಂಕು. ಎದುರಿಗಿದ್ದ ಹುಡುಗರಲ್ಲಿ ಹಲವರ ಕೈಯಲ್ಲಿ ಇದ್ದದ್ದು ತುದಿ ಚೂಪು ಮಾಡಿದ ಬಿದಿರು. ಹಾಗಿದ್ದರೂ ಊರು ವಶವಾಗಲು ಸುಮಾರು ಮೂರು ವಾರ ಬೇಕಾಯಿತು. ಸತ್ತ ಇಂಡೋನೇಷ್ಯನ್ನರು ಆರು ಸಾವಿರವೆನ್ನುವವರಿದ್ದಾರೆ, ಹದಿನಾರು ಸಾವಿರವೆನ್ನುವವರೂ ಇದ್ದಾರೆ.

ಬಿದಿರಿನ ಈಟಿಯನ್ನು ಕೊಂಡಾಡುವ ಭಾಷಣಗಳು ನನಗೂ ಹಿಡಿಸುವುದಿಲ್ಲ. ಆದರೆ ‘ಬಲಿಕೊಟ್ಟರು’ ಎಂದಿರಲ್ಲ, ಕೊಟ್ಟವರು ಯಾರು? ಮ್ಯಾಲಬಿ ಸತ್ತ ಮೇಲೆ ಇಂಗ್ಲಿಷರು ಕೊಟ್ಟಿದ್ದ ಶರಣಾಗತಿಯ ಗಡುವು ಮುಗಿಯಲು ಒಂದು ರಾತ್ರಿ ಉಳಿದಿದ್ದಾಗ ನಿರ್ಧಾರವನ್ನು ಜಕಾರ್ತಾದಲ್ಲಿದ್ದ ಇಂಡೋನೇಷ್ಯ ಸರ್ಕಾರ ಸುರಬಾಯದವರಿಗೇ ಬಿಟ್ಟಿತು. ಒಪ್ಪುವುದಿಲ್ಲವೆಂದು ಗವರ್ನರ್ ಸುರ್ಯೊ ರೇಡಿಯೊದಲ್ಲಿ ಹೇಳಿದರು. ಇದೇ ಊರಿನಲ್ಲಿ, ಸೆಪ್ಟೆಂಬರ್ 19ರಂದು, ಯಮಾಟೊ ಹೋಟೆಲಿನ ಮೇಲೆ, ಜಪಾನೀಯರಿಗೂ ಮೊದಲು ಆ ದೇಶವನ್ನು ಆಳಿದ್ದ ಡಚ್ಚರ ಕೆಂಪು–ಬಿಳಿ–ನೀಲಿ ಬಾವುಟ ಏರಿದಾಗ ಹುಡುಗರು ಮೇಲೆ ಹತ್ತಿ ಕೆಳಗಿನ ನೀಲಿ ಪಟ್ಟಿಯನ್ನಷ್ಟೇ ಹರಿದರು. ಉಳಿದ ಕೆಂಪು–ಬಿಳಿ ಇಂಡೋನೇಷ್ಯದ ಬಾವುಟವೇ ಆಯಿತು. ಇಂಥವರನ್ನು ಯಾರೋ ಕುರಿಗಳಂತೆ ಅಟ್ಟಿದರು ಎನ್ನಲು ನನಗೆ ಮನಸ್ಸು ಬಾರದು.

ಸೋತದ್ದು ನಿಜ. ಆದರೆ ವಸಾಹತನ್ನು ಮರಳಿ ಪಡೆಯಲು ಬಯಸಿದ್ದ ಡಚ್ಚರಿಗಾಗಿ ಇಂಥ ಯುದ್ಧ ಮಾಡುತ್ತ ಕೂರುವ ಉತ್ಸಾಹ ಇಂಗ್ಲಿಷರಲ್ಲಿ ಅಲ್ಲಿಗೆ ಇಳಿಯಿತು. ಇತ್ತ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ವಿಚಾರಣೆ ನವೆಂಬರ್ 5ಕ್ಕೆ ಶುರುವಾಗಿತ್ತು. ನಮ್ಮ ಸಿಪಾಯಿಗಳನ್ನು ಇಂಡೋನೇಷ್ಯದ ಮೇಲೆ ಛೂ ಬಿಡಬೇಡಿ ಎಂದು ನೆಹರೂ ಪ್ರತಿಭಟಿಸಿದರು. ಕೆಲವು ಸಿಪಾಯಿಗಳು ಇಂಡೋನೇಷ್ಯನ್ನರ ಕಡೆಗೇ ಸೇರಿಕೊಂಡದ್ದೂ ಉಂಟು. 1946ರ ನವೆಂಬರ್ ಮುಗಿಯುವುದರೊಳಗೆ ಬ್ರಿಟಿಷ್ ಪಡೆ ಇಂಡೋನೇಷ್ಯವನ್ನು ಬಿಟ್ಟು ಹೊರಟಿತು. ಡಚ್ಚರು ಮಣಿಯಲು 1949ರ ಡಿಸೆಂಬರ್ ಬರಬೇಕಾಯಿತು.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅಜ್ಜನ ಪೇಬುಕ್ಕೋ ಆ ವರ್ಷದ ಒಂದು ಕಾಗದವೋ ಮನೆಯ ಟ್ರಂಕಿನಲ್ಲಿ ಉಳಿದಿದ್ದರೆ ನಕಲು ಕಳುಹಿಸಿ. ಅವರು ಯಾವ ತುಕಡಿಯಲ್ಲಿದ್ದರೆಂದು ನೋಡಿ, ಆ ಕಟ್ಟಡದೊಳಗಿನ ಕಥೆಯನ್ನೂ ಅದರ ಜೊತೆಗೆ ಅಚ್ಚು ಹಾಕುತ್ತೇವೆ.
– ಸಂ.