ಬಾಡಿಗೆಯಿಂದ ಅಸಲೇ ಹುಟ್ಟದಿದ್ದರೂ ದೊಡ್ಡ ಸಮಾವೇಶ ಕೇಂದ್ರಗಳನ್ನು ಏಕೆ ಕಟ್ಟುತ್ತಾರೆ?

ಅವುಗಳಿಂದಾಗುವ ಗಳಿಕೆ ಕಟ್ಟಡದ ಒಳಗಡೆಗಿಂತ ಹೆಚ್ಚಾಗಿ ಹೊರಗೆ, ಇಡೀ ನಗರದಲ್ಲಿ ಆಗುತ್ತದೆ ಎಂಬುದೇ ಕಾರಣ. ವೈದ್ಯರ ಸಮ್ಮೇಳನವೊಂದಕ್ಕೆ ಪರಸ್ಥಳದಿಂದ ಬಂದವರು ಎರಡು ಮೂರು ರಾತ್ರಿ ತಂಗುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ ಇನ್ನೂ ತೂಗುತ್ತಿರುವಂತೆಯೇ ಆಟೋ ಹತ್ತಿ ಊಟಕ್ಕೆ ಹೋಗುತ್ತಾರೆ, ಮನೆಯವರಿಗೆಂದು ಸೀರೆ ಕೊಳ್ಳುತ್ತಾರೆ. ಈ ಹಣ ಕೇಂದ್ರದ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲವಾದರೂ ಹೋಟೆಲು, ಅಂಗಡಿ, ಚಾಲಕರ ಕೈಸೇರಿ, ಅದರಲ್ಲೊಂದು ಪಾಲು ತೆರಿಗೆಯಾಗಿ ಸರ್ಕಾರಕ್ಕೆ ಮರಳುತ್ತದೆ.

ದೆಹಲಿಯ ಪ್ರಗತಿ ಮೈದಾನದಲ್ಲಿ ಸುಮಾರು 2,700 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಾಣಗೊಂಡು 2023ರ ಜುಲೈ 26ರಂದು ಉದ್ಘಾಟನೆಯಾದ ಭಾರತ ಮಂಟಪವನ್ನೇ ನೋಡಿ. ಬಸವಣ್ಣನವರ ಅನುಭವ ಮಂಟಪದಿಂದ ಪ್ರೇರಿತವಾದ ಹೆಸರದು. ಕನ್ನಡಿಗರಿಗೆ ಇದು ಹೆಮ್ಮೆಯ ಸಂಗತಿ. ಅದೇ ವರ್ಷದ ಸೆಪ್ಟೆಂಬರ್ 9 ಮತ್ತು 10ರಂದು ನಡೆದ ಜಿ-20 ಶೃಂಗಸಭೆಯಿಂದ ಅದು ಜಗತ್ತಿಗೆ ಪರಿಚಯವಾಯಿತು. ಆದರೆ ಶೃಂಗಸಭೆ ಎರಡೇ ದಿನದ್ದು. ಸಭೆಯಿಲ್ಲದ ದಿನವೂ ನಿರ್ವಹಣೆಯ ಖರ್ಚು ನಿಲ್ಲುವುದಿಲ್ಲವಾದ್ದರಿಂದ, ವಿಶ್ವ ಪುಸ್ತಕ ಮೇಳದಂತೆ ಜನಸಾಮಾನ್ಯರು ಮೆಟ್ರೋದಲ್ಲಿ ಬಂದು ಚೀಲ ತುಂಬಿಕೊಂಡು ಹೋಗುವ ಕಾರ್ಯಕ್ರಮಗಳು ವರ್ಷವಿಡೀ ನಡೆಯುತ್ತಿದ್ದರಷ್ಟೇ ಹೂಡಿದ ಹಣ ಸಾರ್ಥಕವಾಗುತ್ತದೆ.