ಮಣ್ಣು, ಮಂಡಕ್ಕಿ, ಮೆಕ್ಕೆಜೋಳದ ಬೆಂಡು

ಓದುಗರ ಪ್ರಶ್ನೆ: ಪುಟ್ಟ ಮಕ್ಕಳ ಹೊರಾಂಗಣ ಆಟ

ಪ್ರಶ್ನೆ: ನಮ್ಮದು ಮಹಡಿ ಮನೆ, ಅಂಗಳ ಇಲ್ಲ, ತಾರಸಿ ಇದೆ. ಮಗಳಿಗೆ ಒಂದೂಮುಕ್ಕಾಲು ವರ್ಷ, ಸಿಕ್ಕಿದ್ದೆಲ್ಲ ಬಾಯಿಗೇ. ನೀರಿಗೆ ಹಾಕಿದರೆ ಊದಿಕೊಳ್ಳುವ ಬಣ್ಣದ ಮಣಿಗಳ ಪೊಟ್ಟಣ ಆನ್‌ಲೈನಿನಲ್ಲಿ ಸಿಗುತ್ತಿದೆ, ತರಿಸಲೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡವೇ ಬೇಡ. ಸಾಸಿವೆಯಷ್ಟಿರುವ ಆ ಮಣಿ ನುಂಗಿದರೆ ಹೊಟ್ಟೆಯೊಳಗೂ ಊದುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಮನೆಯಲ್ಲಿ ಈಗಾಗಲೇ ಇದ್ದರೆ ಇವತ್ತೇ ಹೊರಹಾಕಿ.

ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಬಿಟ್ಟು ಮಣಿ ಯಾಕೆ? ಒಗ್ಗರಣೆ ಹಾಕದ ಮಂಡಕ್ಕಿ ಒಂದು ಸೇರು, ಅಗಲ ಬೇಸಿನ್ನು ಒಂದು, ನೀರು ಒಂದು ಲೋಟ. ಅರ್ಧ ಮಂಡಕ್ಕಿಯನ್ನು ಬಟ್ಟೆ ಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಡಿ. ಅವಳು ತುಳಿದರೆ ಕರಕರ ಸದ್ದು. ಉಳಿದದ್ದನ್ನು ಬೇಸಿನ್ನಿಗೆ ಹಾಕಿ, ಮೊದಲು ನೀವೇ ನೀರು ಚಿಮುಕಿಸಿ ಮೆತ್ತಗೆ ಮಾಡಿ ಕೊಡಿ. ಒಣ ಮಂಡಕ್ಕಿಯನ್ನು ಮುಷ್ಟಿಗಟ್ಟಲೆ ತುರುಕಿಕೊಂಡರೆ ಕೆಮ್ಮು ಹತ್ತುತ್ತದೆ, ನೆನೆದದ್ದು ಬಾಯಿಗೆ ಹೋದರೂ ಕರಗುತ್ತದೆ. ಕೂತೇ ಆಡಲಿ. ಅರ್ಧ ಗಂಟೆಯಾದ ಮೇಲೆ ಮಿಕ್ಕದ್ದನ್ನು ಗುಬ್ಬಿಗೋ ಗಿಡದ ಬುಡಕ್ಕೋ ಹಾಕಿ, ಇಟ್ಟರೆ ಹುಳಿ ಬರುತ್ತದೆ.

ನೀರಾಟಕ್ಕೆ ಬೇಸಿನ್ನಿನಲ್ಲಿ ಎರಡು ಇಂಚು ನೀರು ಸಾಕು, ಮುಳುಗುವ ಅಪಾಯಕ್ಕೂ ಅಷ್ಟೇ ಸಾಕು. ಫೋನ್ ಬಂದರೂ ಏಳಬೇಡಿ. ಆಟ ಮುಗಿದ ತಕ್ಷಣ ಚೆಲ್ಲಿ. ತಾರಸಿ ನೆಲಕ್ಕೆ ಅಂಗೈ ಹಿಂಭಾಗ ಒತ್ತಿ ಐದು ಎಣಿಸಿ. ಕೈ ತಾಳದಿದ್ದರೆ ಅವಳ ಪಾದವೂ ತಾಳದು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ ಆಡಿಸಿ. ಪ್ಯಾರಪೆಟ್ ಹತ್ತಿರ ಬಕೆಟ್ಟು, ಸ್ಟೂಲು ಇರಕೂಡದು, ಹತ್ತುತ್ತಾಳೆ.

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ 18 ಮಕ್ಕಳು. ದಾನಿಗಳೊಬ್ಬರು ಮರಳು ಕೊಡುತ್ತೇವೆ ಎಂದಿದ್ದಾರೆ. ಹಳೆ ಟ್ರ್ಯಾಕ್ಟರ್ ಟೈರಿಗೆ ತುಂಬಿದರೆ ಆದೀತೇ? ಆಷಾಢದ ಗಾಳಿಗೆ ಮರಳೆಲ್ಲ ಮಕ್ಕಳ ಕಣ್ಣಿಗೆ ಹಾರುತ್ತದೆಂಬ ಚಿಂತೆ.
– ಕಾರ್ಯಕರ್ತೆ, ಚಿತ್ರದುರ್ಗ ತಾಲ್ಲೂಕು

ಉತ್ತರ: ಟೈರು ಬಿಟ್ಟುಬಿಡಿ. ಅದರ ಒಳಮಡಿಕೆಯಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಸವೆದ ಟೈರಿನ ಅಂಚಿನಲ್ಲಿ ತಂತಿಯೂ ಎದ್ದಿರುತ್ತದೆ.

ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದಡಿ ಆಳ ತೋಡಿಸಿ. ತಳಕ್ಕೆ ಮೂರು ಇಂಚು ಜಲ್ಲಿ, ಅದರ ಮೇಲೆ ನೆರಳುಬಲೆ ಎರಡು ಪದರ, ಆಮೇಲೆ ಒಂಬತ್ತು ಇಂಚು ಮರಳು. ಬಲೆ ಹಾಸದಿದ್ದರೆ ಎರಡೇ ದಿನಕ್ಕೆ ಜಲ್ಲಿ ಮೇಲೆ ಬರುತ್ತದೆ, ಮಕ್ಕಳು ಅಗೆಯುವುದೇ ಹಾಗೆ. ಬೇಕಾಗುವ ಮರಳು 12 ಘನ ಅಡಿ. ಒಮ್ಮೆಗೆ ನಾಲ್ಕು ಮಕ್ಕಳು ಮಾತ್ರ. ಹದಿನೆಂಟೂ ಒಟ್ಟಿಗೆ ಇಳಿದರೆ ಮರಳಾಟ ಹೋಗಿ ಮರಳೆರಚಾಟ ಆಗುತ್ತದೆ.

ದಾನಿಗಳು ಕೊಡುವುದು ಎಂ-ಸ್ಯಾಂಡೋ ಹೊಳೆ ಮರಳೋ ಕೇಳಿ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು. ಕಾಳು ಚೂಪು, ಧೂಳು ಜಾಸ್ತಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಅದೇ ಗತಿಯಾದರೆ ಬಕೆಟ್ಟಿಗೆ ಅರ್ಧ ಹಾಕಿ, ನೀರು ಬಿಟ್ಟು ಕದಡಿ, ರಾಡಿ ನೀರು ಬಸಿಯಿರಿ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಮಾಡಬೇಕು. ಹೊಳೆ ಮರಳಾದರೆ ಜರಡಿ ಹಿಡಿದರೆ ಸಾಕು.

ಗಾಳಿಗೆ ಮದ್ದು ನೀರು. ಎಂಟು ಪಾಲು ಮರಳಿಗೆ ಒಂದು ಪಾಲು ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ಈ ಹದದಲ್ಲಿ ಮರಳು ಹಾರುವುದಿಲ್ಲ, ತೆಂಗಿನ ಚಿಪ್ಪು ಬೋರಲು ಹಾಕಿದರೆ ಇಡ್ಲಿಯ ಹಾಗೆ ನಿಲ್ಲುತ್ತದೆ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಕಟ್ಟಡದ ಮೂಡಣ ಮಗ್ಗುಲಲ್ಲಿ ಗುಂಡಿ ಮಾಡಿ. ಬೆಳಗಿನ ಬಿಸಿಲಿಗೆ ಮರಳು ಒಣಗುತ್ತದೆ, ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳುತ್ತದೆ.

ರಾತ್ರಿ ಮುಚ್ಚುವುದು ಮರೆತರೆ ಬೆಕ್ಕು, ನಾಯಿ ಬಂದು ಹೋಗುತ್ತವೆ; ಅವುಗಳ ಹೊಲಸಿನಿಂದ ಹುಳುವಿನ ಮೊಟ್ಟೆ ಮಕ್ಕಳ ಹೊಟ್ಟೆ ಸೇರುತ್ತದೆ. ತಾಡಪಾಲು ಬೇಡ, ಒಳಗೆ ಬೆವೆತು ವಾಸನೆ ಬರುತ್ತದೆ. ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಆಟವಾದ ಮೇಲೆ ಸೋಪಿನಲ್ಲಿ ಕೈ ತೊಳೆಸಿ, ಉಗುರು ನೋಡಿ. ಜಂತುಹುಳು ಮಾತ್ರೆ ನಿಮ್ಮ ಕೇಂದ್ರದಲ್ಲೇ ಕೊಡುತ್ತೀರಿ. ಯಾವ ಮಗುವಿಗೂ ತಪ್ಪದಿರಲಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗ ಮಣ್ಣು ಮುಟ್ಟುವುದೇ ಇಲ್ಲ. ಬೆರಳಿಗೆ ಸ್ವಲ್ಪ ಹತ್ತಿದರೂ ಅಳು. ಹಿಡಿದು ಕೂರಿಸಿ ಮುಟ್ಟಿಸಿದೆವು, ಇನ್ನೂ ಹೆದರಿದ.
– ಹಿರಿಯ ಓದುಗರು, ಹರಿಹರ

ಉತ್ತರ: ಹಿಡಿದು ಮುಟ್ಟಿಸಿದ್ದೇ ತಪ್ಪಾಯಿತು ಅಜ್ಜಾರೇ. ಈಗ ಅವನು ಮುಟ್ಟುವುದೇ ಬೇಡ, ನೋಡಲಿ.

ತಳದಲ್ಲಿ ತೂತಿರುವ ಒಂದೇ ಅಳತೆಯ ಎರಡು ಕುಂಡ ತನ್ನಿ. ಒಂದಕ್ಕೆ ಎರೆಮಣ್ಣು, ಇನ್ನೊಂದಕ್ಕೆ ಕೆಂಪು ಮಣ್ಣು. ಎರಡೂ ನಿಮ್ಮ ಸುತ್ತಲೇ ಸಿಗುತ್ತವೆ. ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಮುಕ್ಕಾಲು ತುಂಬಿ, ಕೆಳಗೆ ತಟ್ಟೆ ಇಡಿ. ಒಂದೊಂದು ಲೋಟ ನೀರನ್ನು ಅವನೇ ಹೊಯ್ಯಲಿ. ಕೆಂಪು ಮಣ್ಣಿನ ತಟ್ಟೆಗೆ ನೀರು ಬೇಗ ಇಳಿಯುತ್ತದೆ. ಎರೆಮಣ್ಣು ನೀರು ಹಿಡಿದುಕೊಂಡು ಉಬ್ಬುತ್ತದೆ. ಕುಂಡಗಳನ್ನು ಬಿಸಿಲಿಗಿಡಿ. ಮೂರು ನಾಲ್ಕು ದಿನಕ್ಕೆ ಎರೆಮಣ್ಣು ಕುಗ್ಗಿ ಅಂಚು ಬಿಡುತ್ತದೆ, ನಡುವೆ ಬಿರುಕು ಬಾಯಿ ತೆರೆಯುತ್ತದೆ. ಆ ಬಿರುಕಿಗೆ ಕಡ್ಡಿ ತೂರಿಸದ ಮಗು ಅಪರೂಪ. ಕಡ್ಡಿ ಆದ ಮೇಲೆ ಬೆರಳು. ಒಣ ಮಣ್ಣು ಅಂಟುವುದಿಲ್ಲ, ಕೊಡವಿದರೆ ಉದುರುತ್ತದೆ. ಅಂಟಂಟು ಅಂದರೆ ಅಳುವ ಮಗುವಿಗೆ ಅಲ್ಲಿಂದಲೇ ಶುರು. ಮುಂದಿನ ವಾರ ಬಣ್ಣದ ಬ್ರಷ್ಷು ಕೊಟ್ಟು ಕೆಸರು ಬಳಿಯಲು ಹೇಳಿ. ಪಕ್ಕದಲ್ಲೇ ಒದ್ದೆ ಬಟ್ಟೆ ಇರಲಿ. ಬೇಕೆಂದಾಗ ಒರೆಸಿಕೊಳ್ಳಬಹುದು ಎಂಬ ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ. ದಿನಕ್ಕೆ ಐದು ನಿಮಿಷ ಸಾಕು.

ಮಣ್ಣಷ್ಟೇ ಅಲ್ಲದೆ ಅನ್ನದ ಮುದ್ದೆ, ಹೊಸ ಬಟ್ಟೆ, ಮಿಕ್ಸಿ ಸದ್ದು ಎಲ್ಲಕ್ಕೂ ಹೀಗೇ ಅಳುತ್ತಾನೆಯೇ? ಹೆಸರು ಕರೆದರೆ ತಿರುಗುವುದು ಕಮ್ಮಿಯೇ, ಮಾತು ತಡವೇ? ಹಾಗಿದ್ದರೆ ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಎಣಿಕೆ ಕಲಿಸಲು ಗುಲಗಂಜಿ, ಹುಣಸೆಬೀಜ ಕೊಡಬಹುದಾ?
– ಓದುಗರು, ಹೊಸದುರ್ಗ

ಉತ್ತರ: ಗುಲಗಂಜಿ ಅಗಿದು ನುಂಗಿದರೆ ಪ್ರಾಣಕ್ಕೇ ಬರುತ್ತದೆ. ಅಗಿಯದೆ ನುಂಗಿದ್ದಾನೆ ಅನ್ನಿಸಿದರೂ ಆಸ್ಪತ್ರೆಗೆ ಓಡಿ. ಹರಳುಬೀಜವೂ ಅದೇ ಸಾಲಿನದು. ಹುಣಸೆಬೀಜ ನಾಲ್ಕು ವರ್ಷ ತುಂಬಿದವರಿಗೆ, ಎದುರಿಗೆ ಕೂತು: ಇಪ್ಪತ್ತು ಕೊಟ್ಟರೆ ಇಪ್ಪತ್ತು ವಾಪಸು ಎಣಿಸಿಕೊಳ್ಳಿ. ಮೂಗಿಗೆ ಹೋದರೆ ಪಿನ್ನು, ಬೆರಳು ಹಾಕಬೇಡಿ, ಇನ್ನೂ ಒಳಗೆ ಸರಿಯುತ್ತದೆ. ಸೀದಾ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ.

ಅದಕ್ಕಿಂತ ಚಿಕ್ಕವರಿಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಚಂದ. ಮುರಿಯದೆ ಇಡಿಯಾಗಿ ಕೊಡಿ: ಬಾಯಲ್ಲಿ ಹಿಡಿಸುವುದಿಲ್ಲ, ಒರಟು, ಹಗುರ, ಉರುಳುತ್ತದೆ, ಒದ್ದೆ ಮಣ್ಣಿನ ಮೇಲೆ ಉರುಳಿಸಿದರೆ ಸಾಲು ಸಾಲು ಗುಳಿ ಮೂಡುತ್ತವೆ. ಮೂರು ದಿನ ಬಿಸಿಲಲ್ಲಿ ಒಣಗಿಸಿ ಕೊಡಿ. ಕಪ್ಪು ಬೂಷ್ಟು ಹಿಡಿದದ್ದು ಒಲೆಗೆ.